ಕುರ್ಲಾದ ಸಂಬಳವಿಲ್ಲದ ರಾತ್ರಿಪಾಳಿ

1925ರ ಫೆಬ್ರುವರಿ 3ರಂದು ದೇಶದ ಮೊದಲ ವಿದ್ಯುತ್ ರೈಲು ಬಂದು ನಿಂತದ್ದು ಮುಂಬಯಿಯ ಕುರ್ಲಾದಲ್ಲಿ. ಇಂಥ ಊರಲ್ಲಿ ಹೊಲವೆಲ್ಲಿ ಎನ್ನಬೇಡಿ. 'ಹೆಚ್ಚು ಆಹಾರ ಬೆಳೆಯಿರಿ' ಯೋಜನೆಯಡಿ ರೈಲ್ವೆ ತನ್ನ ಖಾಲಿ ಜಾಗವನ್ನು ನೌಕರರಿಗೆ ಸಾಗುವಳಿಗೆ ಕೊಟ್ಟಿತು. ಲೋಕಲ್ ರೈಲಿನ ಬಾಗಿಲಲ್ಲಿ ನಿಂತವರು ಹಳಿ ಪಕ್ಕದ ಪಾಲಕ್, ಹರಿವೆ, ಬೆಂಡೆಯ ಪಾತಿಗಳನ್ನು ವರ್ಷಗಟ್ಟಲೆ ಕಂಡಿದ್ದಾರೆ. ಪಾತಿಯಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಗೂಬೆ.

ಮುಂಬಯಿ ಪಾಲಿಕೆ ಇಲಿ ಹೊಡೆಯಲೆಂದೇ ರಾತ್ರಿಪಾಳಿಯವರನ್ನು ಇಟ್ಟಿದೆ. ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ದೊಣ್ಣೆ. ರಾತ್ರಿಗೆ 30 ಇಲಿಗಳ ಲೆಕ್ಕ ಒಪ್ಪಿಸಬೇಕು. ಕಣಜ ಗೂಬೆಗೆ ಬ್ಯಾಟರಿಯೂ ಬೇಡ. ಅದರ ಒಂದು ಕಿವಿ ಮೇಲೆ, ಇನ್ನೊಂದು ತುಸು ಕೆಳಗೆ. ತಟ್ಟೆಯಂಥ ಮುಖ ಸದ್ದನ್ನು ಬಾಚಿ ಕಿವಿಗೆ ಹಾಕುತ್ತದೆ. ಎರಡು ಕಿವಿಗಳಿಗೆ ಬಿದ್ದ ಸದ್ದಿನ ಅಲ್ಪ ವ್ಯತ್ಯಾಸದಿಂದಲೇ ಕಗ್ಗತ್ತಲಲ್ಲಿ ಇಲಿಯ ಜಾಗ ತಿಳಿಯುತ್ತದೆ. ರೆಕ್ಕೆಯಂಚಿನ ಬಾಚಣಿಗೆಯಂಥ ಎಳೆಗಳು ಗಾಳಿಯ ಸದ್ದಡಗಿಸುವುದರಿಂದ ಇಲಿಗೆ ಸುಳಿವೇ ಸಿಗದು.

ಲೆಕ್ಕ ಒಪ್ಪಿಸುವುದರಲ್ಲೂ ಗೂಬೆ ಪ್ರಾಮಾಣಿಕ. ಅರಗದ ಕೂದಲು, ಮೂಳೆಗಳನ್ನು ಉಂಡೆ ಮಾಡಿ ಕಕ್ಕುತ್ತದೆ. ಗೋಡೆಯ ಬುಡದಲ್ಲಿ ಬಿದ್ದ ಆ ಉಂಡೆಯನ್ನು ನೀರಲ್ಲಿ ನೆನೆಸಿ ಬಿಡಿಸಿದರೆ ಪುಟ್ಟ ತಲೆಬುರುಡೆಗಳು ಸಿಗುತ್ತವೆ. ಬಾಚಿಹಲ್ಲು ಕಿತ್ತಳೆ ಬಣ್ಣದ್ದಾದರೆ ಇಲಿ. ಬಿಳಿಯ ಚೂಪು ಹಲ್ಲುಗಳಾದರೆ ಸೊಂಡಿಲಿ. ಪಶ್ಚಿಮ ಮಹಾರಾಷ್ಟ್ರದಲ್ಲಿ ಸಂಶೋಧಕರಾದ ಸತೀಶ್ ಪಾಂಡೆ ಮತ್ತು ನೀಲೇಶ್ ಡಹಾಣೂಕರ್ ಇನ್ನೊಂದು ಜಾತಿಯಾದ ಕೊಂಬಿನ ಗೂಬೆಯ ಇಂಥ ಉಂಡೆಗಳನ್ನು ಬಿಡಿಸಿ, ಗೂಡುಗಳನ್ನೂ ಗಮನಿಸಿದರು. ಹೊಲಕ್ಕೆ ಹತ್ತಿರದ ಗೂಡುಗಳ ಊಟದಲ್ಲಿ ಇಲಿ, ಹೆಗ್ಗಣ ಹೆಚ್ಚು. ಮರಿಗಳ ಏಳಿಗೆಯೂ ಚೆನ್ನ. ರೈತನ ಶತ್ರು ಗೂಬೆಯ ಅನ್ನ.

ಆದರೆ ಆ ಅನ್ನಕ್ಕೇ ನಾವು ವಿಷ ಬೆರೆಸುತ್ತೇವೆ. ಬ್ರೋಮಾಡಿಯೊಲೋನ್ ಎಂಬ ಇಲಿವಿಷ ತಿಂದ ಇಲಿ ತಕ್ಷಣ ಸಾಯದೆ ಕೆಲವು ದಿನ ತೂಕಡಿಸುತ್ತ ಓಡಾಡುತ್ತದೆ. ಗೂಬೆಗೆ ಸುಲಭದ ಬೇಟೆ ಅದೇ. ವಿಷ ಅದರ ಮೈಗೂ ಇಳಿಯುತ್ತದೆ. ಹಳೆಯ ಕಟ್ಟಡ ಕೆಡವಿದಾಗ, ಪೊಟರೆಯ ಮರ ಕಡಿದಾಗ ಗೂಡೂ ಹೋಗುತ್ತದೆ. ದೀಪಾವಳಿ ಬಂದರೆ ಗೂಬೆ ಬಲಿ ಕೊಡುವ ಮಾಟದವರ ಕಾಟ ಬೇರೆ, 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದ್ದರೂ.

ಇಸ್ರೇಲಿನ ರೈತರು ಹೊಲಗಳಲ್ಲಿ ಕಣಜ ಗೂಬೆಗೆ ಗೂಡುಪೆಟ್ಟಿಗೆ ನೆಟ್ಟು ಇಲಿವಿಷ ತಗ್ಗಿಸಿದ್ದಾರೆ. ಕುರ್ಲಾದ ಸೊಸೈಟಿಗಳಿಗೆ ಅಷ್ಟೂ ಬೇಡ. ಮೇಲಂತಸ್ತಿನ ಗೂಡಿನಲ್ಲಿ ಮರಿಗಳು ಬುಸುಗುಟ್ಟಿದರೆ ಅವು ಹಾರುವವರೆಗೆ ಕಿಂಡಿ ಮುಚ್ಚದಿರಲಿ. ಇಲಿಗೆ ವಿಷದ ಬದಲು ಬೋನಿಡಲಿ. ತಪ್ಪು ನಮ್ಮದಾದಾಗ ಇನ್ನೊಬ್ಬರ ತಲೆ ಮೇಲೆ ಗೂಬೆ ಕೂರಿಸುವುದು ನಮಗೆ ರೂಢಿ. ಒಮ್ಮೆಯಾದರೂ ನಮ್ಮದೇ ಸೂರಿನಲ್ಲಿ ಕೂರಿಸಿ ನೋಡೋಣ.