ಹೊಟ್ಟೆಯೊಳಗೆ ಮೊದಲ ದಾರಿ

ಪಿತ್ತಕೋಶದ ಕಲ್ಲು ದಕ್ಷಿಣಕ್ಕಿಂತ ಉತ್ತರ ಭಾರತದಲ್ಲಿ ಹೆಚ್ಚು. 1990ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ದೇಶದಲ್ಲೇ ಮೊದಲ ಬಾರಿಗೆ ಲ್ಯಾಪರೋಸ್ಕೋಪಿಯಿಂದ, ಅಂದರೆ ಪುಟ್ಟ ತೂತಿನಲ್ಲಿ ಕ್ಯಾಮೆರಾ ಇಳಿಸಿ, ಪಿತ್ತಕೋಶ ತೆಗೆದರು. ಇಂದು ದೆಹಲಿಯ ಏಮ್ಸ್, ಸರ್ ಗಂಗಾರಾಮ್‌ನಂಥ ಆಸ್ಪತ್ರೆಗಳಲ್ಲಿ ಅದು ನಿತ್ಯದ ಕೆಲಸ. ಎಷ್ಟೇ ನಿತ್ಯದ್ದಾದರೂ ಅದರ ಮೊದಲ ನಿಮಿಷಕ್ಕೆ ಪಳಗಿದ ಸರ್ಜನ್ ಕೂಡ ತಲೆಬಾಗುತ್ತಾರೆ. ಕ್ಯಾಮೆರಾ ಇನ್ನೂ ಹೊರಗಿದೆ, ಒಳಗೆ ಏನು ಎಲ್ಲಿದೆಯೆಂದು ಕಾಣುವುದಿಲ್ಲ, ಆದರೂ ದಾರಿ ಮಾಡಬೇಕು. ಲ್ಯಾಪರೋಸ್ಕೋಪಿಯಲ್ಲಿ ಗಂಭೀರ ತೊಡಕುಗಳು ಅಪರೂಪ. ಆದರೆ ಅವುಗಳಲ್ಲಿ ಸುಮಾರು ಅರ್ಧದಷ್ಟು ಆಗುವುದು ಈ ಹಂತದಲ್ಲೇ.

ಸಾಮಾನ್ಯವಾಗಿ ಆರಿಸುವ ಜಾಗ ಹೊಕ್ಕುಳು. ಅಲ್ಲಿ ಕೊಬ್ಬು ತೀರ ಕಡಿಮೆ, ಹೊಟ್ಟೆಗೋಡೆಯ ಪದರಗಳು ಒಂದಕ್ಕೊಂದು ಬೆಸೆದು ತೆಳುವಾಗಿರುತ್ತವೆ. ಅಪಾಯ ಇರುವುದೂ ಅಲ್ಲೇ. ದೇಹದ ಅತಿದೊಡ್ಡ ರಕ್ತನಾಳವಾದ ಮಹಾಪಧಮನಿ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ ಬೆನ್ನೆಲುಬಿನ ಮುಂದೆ ಎರಡಾಗಿ ಕವಲೊಡೆಯುತ್ತದೆ. ತೆಳ್ಳಗಿನವರಲ್ಲಿ ಚರ್ಮಕ್ಕೂ ಅದಕ್ಕೂ ನಡುವೆ ಕೆಲವೇ ಸೆಂಟಿಮೀಟರ್. ಅದಕ್ಕೇ ಹೊಟ್ಟೆ ಉಬ್ಬಿಸಲು ಗ್ಯಾಸ್ ಬಿಡುವ ಸೂಜಿಯನ್ನು ಅವರಲ್ಲಿ ಕಿಬ್ಬೊಟ್ಟೆಯ ಕಡೆಗೆ ಓರೆ ಮಾಡುತ್ತಾರೆ, ಸ್ಥೂಲಕಾಯದವರಲ್ಲಿ ಹೆಚ್ಚುಕಡಿಮೆ ನೇರವಾಗಿ ಇಳಿಸುತ್ತಾರೆ.

ಆ ಸೂಜಿಯ ಕಥೆ ಸ್ವಾರಸ್ಯಕರ. 1930ರ ದಶಕದಲ್ಲಿ ಹಂಗೇರಿಯ ವೈದ್ಯ ಯಾನೋಶ್ ವೆರೆಸ್ ಅದನ್ನು ರೂಪಿಸಿದ್ದು ಹೊಟ್ಟೆಗಲ್ಲ, ಕ್ಷಯರೋಗಿಗಳ ಎದೆಗೂಡಿಗೆ ಗಾಳಿ ತುಂಬಲು. ಹರಿತ ತುದಿ ಟೊಳ್ಳು ಜಾಗ ತಲುಪಿದ ಕೂಡಲೇ ಒಳಗಿನ ಮೊಂಡು ಕಡ್ಡಿ ಸ್ಪ್ರಿಂಗ್‌ನಿಂದ ಮುಂದೆ ಚಿಮ್ಮಿ ಅಂಗಗಳನ್ನು ಕಾಯುತ್ತದೆ. ಆಮೇಲೆ ಕಾರ್ಬನ್ ಡೈ ಆಕ್ಸೈಡ್ ಬಿಡುತ್ತಾರೆ. ಆರಂಭದ ಒತ್ತಡ ಪಾದರಸದ 10 ಮಿ.ಮೀ.ಗಿಂತ ಕಡಿಮೆಯಿದ್ದರೆ ಸೂಜಿ ಸರಿಯಾದ ಜಾಗದಲ್ಲಿದೆ ಎನ್ನಲು ಅದೇ ಒಳ್ಳೆಯ ಸೂಚನೆ.

ಕ್ಷಯಕ್ಕಾಗಿ ಹುಟ್ಟಿದ ಈ ಸೂಜಿಯನ್ನು ಕ್ಷಯದ ಕಾರಣಕ್ಕೇ ಬದಿಗಿಡಬೇಕಾಗುವುದೂ ಉಂಟು. ನಮ್ಮಲ್ಲಿ ಹೊಟ್ಟೆಯ ಕ್ಷಯ ಈಗಲೂ ಇದೆ, ಅದು ಕರುಳನ್ನು ಹೊಟ್ಟೆಯ ಒಳಗೋಡೆಗೆ ಅಂಟಿಸಿಬಿಡಬಲ್ಲದು. ಹಳೆಯ ಆಪರೇಷನ್ನಿನ ಪರಿಣಾಮವೂ ಅಂಥದ್ದೇ. ಹೊಟ್ಟೆಯ ನಡುವೆ ಉದ್ದುದ್ದಕ್ಕೆ ಕೊಯ್ದ ಗಾಯವಿದ್ದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹೊಕ್ಕುಳಿನ ಹತ್ತಿರ ಅಂಟು ಇರುತ್ತದೆ. ಸಿಸೇರಿಯನ್‌ನಲ್ಲಿ ಹಾಕುವಂಥ ಅಡ್ಡಗಾಯವಿದ್ದರೆ ಸುಮಾರು ಕಾಲುಭಾಗ ಜನರಿಗೆ. ಅಂಥ ಕಡೆ ಕುರುಡಾಗಿ ಚುಚ್ಚಿದರೆ ಕರುಳೇ ತೂತಾದೀತು.

ಆಗ ಫ್ರಾನ್ಸಿನ ರಾವೂಲ್ ಪಾಮರ್ ಸೂಚಿಸಿದ ಜಾಗ ನೆರವಿಗೆ ಬರುತ್ತದೆ. ಎಡ ಪಕ್ಕೆಲುಬಿನ ಅಂಚಿನಿಂದ ಸುಮಾರು 3 ಸೆಂ.ಮೀ. ಕೆಳಗೆ ಅಂಟು ಇರುವುದು ಅಪರೂಪ. ಆದರೆ ಮೊದಲು ಮೂಗಿನ ಮೂಲಕ ನಳಿಕೆ ಇಳಿಸಿ ಜಠರ ಖಾಲಿ ಮಾಡಬೇಕು. ಗುಲ್ಮ ದೊಡ್ಡದಾಗಿದ್ದರೆ ಆ ದಾರಿಯೂ ಮುಚ್ಚಿದಂತೆ. ಇನ್ನೊಂದು 1971ರಲ್ಲಿ ಹ್ಯಾರಿತ್ ಹಸ್ಸನ್ ವಿವರಿಸಿದ ತೆರೆದ ವಿಧಾನ: ಪುಟ್ಟದಾಗಿ ಕೊಯ್ದು, ಪದರ ಪದರವಾಗಿ ಕಣ್ಣಾರೆ ನೋಡುತ್ತ ಒಳಹೋಗುವುದು. ಇದರಲ್ಲಿ ದೊಡ್ಡ ರಕ್ತನಾಳಕ್ಕೆ ಪೆಟ್ಟಾಗುವುದು ತೀರ ಅಪರೂಪ. ಆದರೂ ಗೋಡೆಗೇ ಅಂಟಿದ ಕರುಳಿಗೆ ಇಲ್ಲೂ ಪೂರ್ತಿ ರಕ್ಷಣೆಯಿಲ್ಲ. ಗ್ಯಾಸ್ ತುಂಬದೆ ನೇರವಾಗಿ ಟ್ರೋಕಾರ್ (ಉಪಕರಣಗಳಿಗೆ ದಾರಿ ಮಾಡುವ ಚುಚ್ಚುನಳಿಕೆ) ಇಳಿಸುವವರೂ ಇದ್ದಾರೆ, ಪಾರದರ್ಶಕ ತುದಿಯ ಟ್ರೋಕಾರಿನೊಳಗೆ ಕ್ಯಾಮೆರಾ ಇಟ್ಟು ಪದರಗಳನ್ನು ನೋಡುತ್ತ ಸಾಗುವವರೂ ಇದ್ದಾರೆ.

ಯಾವುದು ಎಲ್ಲಕ್ಕಿಂತ ಸುರಕ್ಷಿತ? ಹಲವಾರು ಪ್ರಯೋಗಗಳನ್ನು ಒಟ್ಟಿಗೆ ತೂಗಿದ ಕಾಕ್ರೇನ್ ವಿಮರ್ಶೆಗೂ ಒಂದನ್ನೇ ಎತ್ತಿಹಿಡಿಯುವಷ್ಟು ಪುರಾವೆ ಸಿಗಲಿಲ್ಲ. ಹಾಗಾಗಿ ಸರ್ಜನ್‌ಗೆ ಕೈಪಳಗಿದ ದಾರಿಯೂ ಒಂದು ನ್ಯಾಯವಾದ ಕಾರಣವೇ. ಆದರೆ ಆ ಒಂದೇ ದಾರಿ ಬಲ್ಲವರಿಗಿಂತ, ದಾರಿ ಬದಲಿಸಬಲ್ಲವರ ಮೇಲೆ ನನಗೆ ಹೆಚ್ಚು ಭರವಸೆ. ಹೊಕ್ಕುಳಲ್ಲಿ ಎರಡು ಸಲ ಸೂಜಿ ಸರಿಯಾಗಿ ಕೂರದಿದ್ದರೆ ಅಂಥವರು ಮೂರನೆಯ ಸಲ ಅಲ್ಲೇ ಚುಚ್ಚುವುದಿಲ್ಲ, ಪಾಮರ್ ಜಾಗಕ್ಕೆ ಸರಿಯುತ್ತಾರೆ ಅಥವಾ ಕೊಯ್ದು ನೋಡಿಯೇ ಒಳಹೋಗುತ್ತಾರೆ.