ಬಡಗಿ ಕೊಟ್ಟಿಗೆಯ ದೂಳಿಗೆ ಯಾವ ಯಂತ್ರ?

ಹಿತ್ತಲ ಕೊಟ್ಟಿಗೆಯಲ್ಲಿ ವಿದ್ಯುತ್ ಗರಗಸ ಇಟ್ಟುಕೊಂಡಿರುವ ರೈತ ಬಾಂಧವರೇ, ನೆಲಕ್ಕೆ ಬೀಳುವ ಹೊಟ್ಟಿಗಿಂತ ಗಾಳಿಯಲ್ಲಿ ತೇಲುವ ನಯವಾದ ದೂಳಿಗೆ ಹೆಚ್ಚು ಹೆದರಬೇಕು. ಮರದ ದೂಳು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಸಾರಿದೆ, ಅಪಾಯ ಮೂಗಿಗೆ.

ಕೈಯಲ್ಲಿ ಹಿಡಿದು ಮರ ಉಜ್ಜುವ ಯಂತ್ರವೊಂದೇ ಇದ್ದರೆ ಸಣ್ಣ ಕೊಳವೆಯ ವ್ಯಾಕ್ಯೂಮ್ ಸಾಕು. ಮರ ಹೆರೆಯುವ ಯಂತ್ರವಿದ್ದರೆ ಆ ಕೊಳವೆ ಕಟ್ಟಿಕೊಳ್ಳುತ್ತದೆ. 4 ಅಂಗುಲ ಕೊಳವೆಯ ಬ್ಲೋವರ್ ಬೇಕು. ಕೊಳವೆ ಗಿಡ್ಡವಿರಲಿ, ತಿರುವು ಕಡಿಮೆ ಇರಲಿ. ನಡುವೆ ಸೈಕ್ಲೋನ್ ಕೂರಿಸಿದರೆ ಹೊಟ್ಟು ಸುತ್ತಿ ಸುತ್ತಿ ಡ್ರಮ್ಮಿಗೆ ಬೀಳುತ್ತದೆ.

ಅಂಗಡಿಯವರು ಅಶ್ವಶಕ್ತಿಯನ್ನಷ್ಟೇ ಹೊಗಳಿದರೆ, ಚೀಲದ ಬಟ್ಟೆ ಎಷ್ಟು ಮೈಕ್ರಾನ್ ದೂಳು ತಡೆಯುತ್ತದೆಂದು ಕೇಳಿ. 30 ಮೈಕ್ರಾನಿನ ಚೀಲ ನಯವಾದ ದೂಳನ್ನು ಕೊಟ್ಟಿಗೆಗೇ ಊದುತ್ತದೆ. ಒಳ್ಳೆಯ ಚೀಲಕ್ಕೆ ದುಡ್ಡು ಸಾಲದೇ? ಗಾಳಿಯನ್ನು ಗೋಡೆಯಾಚೆ ಬಿಡಿ, ನೆರೆಮನೆಯ ಕಡೆಗಲ್ಲ. ಹೊಟ್ಟನ್ನು ಸಗಣಿ ಜೊತೆ ಗೊಬ್ಬರಗುಂಡಿಗೆ ಹಾಕಬಹುದು. ಪ್ಲೈವುಡ್ ಹೊಟ್ಟು ಮಾತ್ರ ಬೇಡ.