ಹಗುರವಾದ ಮುಕ್ಕಾಲಿ

ಪ್ರವಾಸದಲ್ಲಿ ಛಾಯಾಚಿತ್ರಗಳನ್ನು ತೆಗೆಯುವ ಹವ್ಯಾಸವುಳ್ಳ ವಾಚಕರು ಮುಕ್ಕಾಲಿಯೊಂದನ್ನು ಕೊಳ್ಳುವ ಮುನ್ನ ನಮ್ಮ ಅನುಭವವನ್ನು ಕೇಳಬೇಕೆಂದು ವಿನಂತಿ. ನಮ್ಮಲ್ಲಿ ಅಲ್ಯುಮಿನಿಯಮ್ಮಿನ ಮುಕ್ಕಾಲಿಯು ಬಹುಕಾಲದಿಂದ ಇದ್ದಿತು. ಗಟ್ಟಿಮುಟ್ಟಾದುದು, ಆದರೆ ಮೂರು ಕಿಲೋ ಭಾರ. 2024ನೆಯ ಇಸವಿಯ ಬೇಸಿಗೆಯ ಒಂದು ಸಂಜೆ ಸದಾಶಿವಗಡದ ಗುಡ್ಡವನ್ನೇರುವಾಗ ಬೆನ್ನುನೋವಿಗೆ ಅಂಜಿ ಅದನ್ನು ಮನೆಯಲ್ಲಿಯೇ ಬಿಟ್ಟೆವು. ಕಾಳೀ ನದಿಯ ಮೇಲೆ ಹಳೆಯ ಸೇತುವೆಯೂ ಹೊಸದೂ ಮುಸ್ಸಂಜೆಯ ಬೆಳಕಿನಲ್ಲಿ ಜೊತೆಯಾಗಿ ಕಂಡವು. ಕೈ ನಡುಗಿ ಚಿತ್ರವು ಕದಡಿಹೋಯಿತು. ಇನ್ನೊಮ್ಮೆ ಬಂದರಾಯಿತೆಂದುಕೊಂಡೆವು. ಅದೇ ವರ್ಷದ ಆಗಸ್ಟ್ 7ರಂದು, ನಸುಕಾಗುವದಕ್ಕೆ ಮೊದಲೇ, ಹಳೆಯ ಸೇತುವೆಯು ಕುಸಿದು ನದಿಗೆ ಬಿದ್ದಿತು.

ಆ ಬಳಿಕವೇ ಇಂಗಾಲದ ಎಳೆಯ, ಎಂದರೆ ಕಾರ್ಬನ್ ಫೈಬರಿನ, ಮುಕ್ಕಾಲಿಯ ವಿಚಾರಕ್ಕೆ ತೊಡಗಿದೆವು. ಕೂದಲಿಗಿಂತ ಎಷ್ಟೋ ಸಣ್ಣವಾದ ಎಳೆಗಳನ್ನು ಅಂಟುರಾಳದಲ್ಲಿ ನೆನೆಯಿಸಿ, ಕೊಳವೆಯಾಗಿ ಸುತ್ತಿ, ಕಾಯಿಸಿ ಗಟ್ಟಿಮಾಡಿದ ವಸ್ತುವಿದು. ಗಾತ್ರಕ್ಕೆ ಗಾತ್ರ ಹೋಲಿಸಿದರೆ ಅಲ್ಯುಮಿನಿಯಮ್ಮಿನ ಐದು ಪಾಲು ಭಾರಕ್ಕೆ ಇದರದು ಸುಮಾರು ಮೂರೇ ಪಾಲು; ನಡುಕವೂ ಇದರಲ್ಲಿ ಬೇಗನೆ ಅಡಗುವದು. ಗಿಟ್ಜೋ ಕಂಪನಿಯು 1994ರಲ್ಲಿ ಇಂಥ ಮುಕ್ಕಾಲಿಯನ್ನು ಮಾರುಕಟ್ಟೆಗೆ ತಂದಿತು. ಬೆಲೆಯು ಮಾತ್ರ ಪಿಂಚಣಿದಾರನನ್ನು ಬೆಚ್ಚಿಬೀಳಿಸುವಂಥದು. ಮನೆಯವರು ಅದನ್ನು ಕೇಳಿ ಎರಡು ದಿನ ಮಾತನಾಡಲಿಲ್ಲ.

ಕೊಳ್ಳುವವರು ತೂಕವೊಂದನ್ನೇ ನೋಡಬಾರದು. ಕಾಲಿನ ತುಂಡುಗಳು ಐದಾದರೆ ಮಡಿಚಿದಾಗ ಮೊಳದಷ್ಟಾಗಿ ಚೀಲದಲ್ಲಿ ಅಡಗುವದು ನಿಜ. ಆದರೆ ಕಡೆಯ ತುಂಡು ಕಿರುಬೆರಳಿನಷ್ಟು ಸಣ್ಣದಾಗಿ ಗಾಳಿಗೆ ತೂಗುವದು. ನಾಲ್ಕು ತುಂಡಿನದೇ ನಮಗೆ ಸರಿಯೆನಿಸಿತು. ನಡುಗಂಬವನ್ನು ಮೇಲೆತ್ತಿದರೆ ಮೂರು ಕಾಲಿನದು ಒಂಟಿಕಾಲಿನದಾಯಿತೆಂದೇ ತಿಳಿಯತಕ್ಕದ್ದು. ಅದನ್ನೆತ್ತದೆಯೇ ಕ್ಯಾಮರಾವು ಕಣ್ಣಿನ ಮಟ್ಟಕ್ಕೆ ಬರುವದೋ ಎಂಬುದನ್ನು ಅಂಗಡಿಯಲ್ಲಿಯೇ ನಿಂತು ನೋಡಬೇಕು. ಕಂಬದ ಕೆಳಗೆ ಕೊಕ್ಕೆಯಿದ್ದರೆ ಗಾಳಿಯಲ್ಲಿ ಚೀಲವನ್ನು ತೂಗಹಾಕಬಹುದು. ಚೀಲವು ನೆಲಕ್ಕೆ ತಾಗಿರಲಿ. ಇಲ್ಲವಾದರೆ ಅದೇ ತೊಟ್ಟಿಲಿನಂತೆ ತೂಗಿ ಎಲ್ಲವನ್ನೂ ಅಲುಗಿಸುವದು.

ನಮ್ಮ ಮಾಜಾಳಿಯಂಥ ಕಡಲೂರಿನವರಿಗೆ ಇನ್ನೊಂದು ಮಾತು. ಇಂಗಾಲಕ್ಕೆ ತುಕ್ಕಿಲ್ಲದಿದ್ದರೂ ಕೀಲುಗಳೂ ತಿರುಪುಗಳೂ ಲೋಹದವೇ. ಎಳ್ಳಿನಂಥ ಕರಿಯ ಮರಳಿನಿಂದಲೇ ಹೆಸರು ಪಡೆದ ತಿಳಮಾತಿಗೆ ಗುಡ್ಡವನ್ನು ದಾಟಿ ಹೋದ ಮೊದಲ ದಿನವೇ ಆ ಮರಳು ತಿರುಪುಗಳಲ್ಲಿ ಹೊಕ್ಕು ಕರಕರನೆ ಸದ್ದುಮಾಡಿತು. ಮನೆಗೆ ಬಂದೊಡನೆ ಕಾಲುಗಳನ್ನು ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಆರಿಸತಕ್ಕದ್ದು. ಬಂಡೆಗೆ ಬಡಿದರೆ ಅಲ್ಯುಮಿನಿಯಮ್ಮು ಬಾಗುವದು, ಇದು ಸೀಳುವದು. ಆದುದರಿಂದ ಮಕ್ಕಳ ಕೈಗೆ ಕೊಡಲಾಗದು.

ಕಳೆದ ಮಾರ್ಗಶಿರದಲ್ಲಿ ಒಂದೂವರೆ ಕಿಲೋದ ಈ ಮುಕ್ಕಾಲಿಯೊಡನೆ ಸದಾಶಿವಗಡವನ್ನು ಮತ್ತೆ ಏರಿದೆವು. ಬೆನ್ನು ನೋಯಲಿಲ್ಲ. ಉಳಿದ ಸೇತುವೆಯ ಚಿತ್ರವು ಸ್ಪಷ್ಟವಾಗಿ ಬಂದಿತು.